ಓದು ತಾನಾಗಿ ಬರಲಿಲ್ಲ, ಲೆಕ್ಕ ಮೊದಲೇ ಇತ್ತು

ಆರು ವರ್ಷದ ಮಗು ಏನನ್ನು ಹೇಗೆ ಕಲಿಯುತ್ತದೆ ಎಂಬುದರ ಬಗ್ಗೆ ದೊಡ್ಡವರು ಬಹುಕಾಲದಿಂದ ಎರಡು ಊಹೆಗಳನ್ನು ಹಿಡಿದುಕೊಂಡು ಬಂದಿದ್ದಾರೆ. ಮಾತು ಬಂದ ಹಾಗೆ ಓದೂ ಬರುತ್ತದೆ, ಒಳ್ಳೆಯ ಪುಸ್ತಕ ಕೈಗಿತ್ತರೆ ಸಾಕು ಎಂಬುದು ಒಂದು. ಲೆಕ್ಕ ಹಾಗಲ್ಲ, ಅದನ್ನು ಹೊರಗಿನಿಂದಲೇ ತುಂಬಬೇಕು, ಅದಕ್ಕೆ ವಯಸ್ಸೂ ಆಗಬೇಕು ಎಂಬುದು ಇನ್ನೊಂದು. ಎರಡೂ ತಲೆಕೆಳಗು ಎಂದು ಗೊತ್ತಾಗಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ಅದೆಷ್ಟೋ ತಲೆಮಾರಿನ ಮಕ್ಕಳು ಪ್ರಾಥಮಿಕ ಶಾಲೆ ಮುಗಿಸಿಯಾಗಿತ್ತು.

ಜಗಳ ಮೊದಲಾದದ್ದು ಅಕ್ಷರಮಾಲೆಯ ಮೇಲೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಶಿಕ್ಷಣ ಮಂಡಳಿಯ ಕಾರ್ಯದರ್ಶಿಯಾಗಿದ್ದ ಹೊರೇಸ್ ಮ್ಯಾನ್, ಎಳೆಯರಿಗೆ ಬಿಡಿ ಅಕ್ಷರಗಳನ್ನು ಉರು ಹೊಡೆಸುವ ಪದ್ಧತಿಯನ್ನು 1840ರ ದಶಕದಲ್ಲಿ ಕಟುವಾಗಿ ಟೀಕಿಸಿದರು. ಅರ್ಥವಿಲ್ಲದ ಗೆರೆಗಳನ್ನು ಬಿಟ್ಟು ಅರ್ಥವಿರುವ ಇಡೀ ಪದದಿಂದ ಶುರುಮಾಡಿ ಎಂಬುದು ಅವರ ವಾದ. ಬಾಸ್ಟನ್ನಿನ ಶಾಲಾ ಮಾಸ್ತರರ ಗುಂಪೊಂದು 1844ರಲ್ಲಿ ಅಚ್ಚು ಹಾಕಿಸಿಯೇ ತಿರುಗೇಟು ಕೊಟ್ಟಿತು. 1886ರಲ್ಲಿ ಇಡೀ ಪದದ ಪಕ್ಷಕ್ಕೆ ವಿಜ್ಞಾನದ ಬಲವೂ ಸಿಕ್ಕಿತು. ಜರ್ಮನಿಯ ಲೈಪ್‌ಜಿಗ್‌ನ ಪ್ರಯೋಗಾಲಯದಲ್ಲಿದ್ದ ಜೇಮ್ಸ್ ಮೆಕೀನ್ ಕ್ಯಾಟೆಲ್, ಒಂದು ಪದವನ್ನು ಗುರುತಿಸಲು ಒಂದು ಬಿಡಿ ಅಕ್ಷರಕ್ಕಿಂತ ಹೆಚ್ಚು ಹೊತ್ತೇನೂ ಬೇಡ ಎಂದು ಅಳೆದು ತೋರಿಸಿದರು. ಅವರು ಅಳೆದದ್ದು ನುರಿತ ವಯಸ್ಕ ಓದುಗರನ್ನು ಎಂಬ ವಿಷಯ ಮಾತ್ರ ಹಿಂದೆ ಸರಿಯಿತು. ನುರಿತವರು ಎಲ್ಲಿಗೆ ತಲುಪಿದ್ದಾರೆ ಎಂದು ನೋಡಿ ಕಲಿಯುವವರು ಎಲ್ಲಿಂದ ಹೊರಡಬೇಕು ಎಂದು ತೀರ್ಮಾನಿಸುವ ಈ ಎಡವಟ್ಟು, ಮುಂದೆ ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಬಂತು.

ನಡುವೆ ಕಾಯುವ ಕಾಲವೊಂದಿತ್ತು. ಇಲಿನಾಯ್ ರಾಜ್ಯದ ವಿನೆಟ್ಕಾ ಊರಿನ ಮಕ್ಕಳನ್ನು ಪರೀಕ್ಷಿಸಿದ ಮೇಬಲ್ ಮಾರ್ಫೆಟ್ ಮತ್ತು ಕಾರ್ಲ್ಟನ್ ವಾಶ್‌ಬರ್ನ್, ಬುದ್ಧಿಪರೀಕ್ಷೆಯಿಂದ ಅಳೆಯುವ ಮಾನಸಿಕ ವಯಸ್ಸು ಆರೂವರೆ ಆಗುವವರೆಗೆ ಓದು ಕಲಿಸದಿರುವುದೇ ಮೇಲು ಎಂದು 1931ರಲ್ಲಿ ಬರೆದರು. ಒಂದೇ ಊರಿನ, ಒಂದೇ ಬಗೆಯ ಪಾಠದಿಂದ ಬಂದ ಆ ಅಂಕಿ ದಶಕಗಳ ಕಾಲ ನಿಯಮದಂತೆ ನಿಂತಿತು. ಎಷ್ಟು ವಯಸ್ಸು ಬೇಕೆಂಬುದು ಹೇಗೆ ಕಲಿಸುತ್ತೀರಿ ಎಂಬುದನ್ನು ಅವಲಂಬಿಸಿದೆ ಎಂದು ಆರ್ಥರ್ ಗೇಟ್ಸ್ 1937ರಲ್ಲೇ ತೋರಿಸಿದ್ದರೂ ಕೇಳಿದವರು ಕಡಿಮೆ. ಲೆಕ್ಕದಲ್ಲಂತೂ ಕಾಯುವಿಕೆ ಇನ್ನೂ ಮುಂದೆ ಹೋಯಿತು. ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರ್ ಎಂಬಲ್ಲಿ ಶಾಲೆಗಳ ಮೇಲ್ವಿಚಾರಕರಾಗಿದ್ದ ಲೂಯಿ ಬೆನೆಜೆಟ್, ಕೆಲವು ತರಗತಿಗಳಲ್ಲಿ ಕ್ರಮಬದ್ಧ ಅಂಕಗಣಿತವನ್ನು ಆರನೆಯ ತರಗತಿಯವರೆಗೂ ಮುಂದೂಡಿ ನೋಡಿದರು. ಅವರ ಮಕ್ಕಳು ಹಿಂದೆ ಬೀಳಲಿಲ್ಲ ಎಂಬ ಕಥೆಯನ್ನು ಜನ ಈಗಲೂ ಹೇಳುತ್ತಾರೆ. ಆದರೆ ಆ ತರಗತಿಗಳಲ್ಲಿ ಅಳತೆ, ಅಂದಾಜು, ಗಡಿಯಾರ, ದುಡ್ಡಿನ ಮಾತು ನಡೆದೇ ಇತ್ತು. ನಿಂತದ್ದು ಬಾಯಿಪಾಠದ ಲೆಕ್ಕ ಮಾತ್ರ.

1955ರಲ್ಲಿ ರುಡಾಲ್ಫ್ ಫ್ಲೆಶ್ ಇಡೀ ಪದದ ಪದ್ಧತಿಯ ಮೇಲೆ ಬಿರುಸಿನ ಪುಸ್ತಕ ಬರೆದು ಸಾಮಾನ್ಯ ತಂದೆತಾಯಿಯರನ್ನೂ ಜಗಳಕ್ಕೆ ಎಳೆದರು. 1967ರಲ್ಲಿ ಹಾರ್ವರ್ಡ್‌ನ ಜೀನ್ ಚಾಲ್ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದು, ಅಕ್ಷರಕ್ಕೂ ಧ್ವನಿಗೂ ಇರುವ ನಂಟನ್ನು ಮೊದಲೇ ನೇರವಾಗಿ ಕಲಿಸಿದರೆ ಲಾಭ ಹೆಚ್ಚು ಎಂದರು. ಅದೇ ವರ್ಷ ಕೆನೆತ್ ಗುಡ್‌ಮನ್ ತದ್ವಿರುದ್ಧವಾಗಿ, ಓದು ಎಂಬುದು ಸಂದರ್ಭ ಹಿಡಿದು ಮುಂದಿನ ಪದವನ್ನು ಊಹಿಸುವ ಆಟ ಎಂದರು. ಗುಡ್‌ಮನ್ ಮಾತು ತರಗತಿಗಳಲ್ಲಿ ಗೆದ್ದಿತು. ಚಿತ್ರ ನೋಡಿ ಊಹಿಸು, ಮೊದಲ ಅಕ್ಷರ ನೋಡಿ ಊಹಿಸು ಎಂಬ ಪಾಠಗಳು ಹುಟ್ಟಿದ್ದು ಅಲ್ಲಿಂದ. ಮುಂದಿನ ಪ್ರಯೋಗಗಳು ಅದರ ಬುಡವನ್ನೇ ಅಲ್ಲಾಡಿಸಿದವು. ಸಂದರ್ಭದ ಊಹೆಗೆ ಹೆಚ್ಚು ಜೋತುಬೀಳುವವರು ಓದಲು ತಡಕಾಡುವ ಮಕ್ಕಳು. ಚೆನ್ನಾಗಿ ಓದುವ ಮಗುವಿಗೆ ಊಹಿಸುವ ಅಗತ್ಯವೇ ಬೀಳುವುದಿಲ್ಲ.

ನಿಜವಾದ ತಿರುವು ಬಂದದ್ದು ಒಂದು ಸಣ್ಣ ಕೋಲಿನಿಂದ. 1974ರಲ್ಲಿ ಇಸಬೆಲ್ ಲಿಬರ್‌ಮನ್ ಮತ್ತು ಸಂಗಡಿಗರು ನಾಲ್ಕರಿಂದ ಆರು ವರ್ಷದ ಮಕ್ಕಳ ಕೈಗೆ ಕೋಲು ಕೊಟ್ಟು, ಕೇಳಿದ ಪದದಲ್ಲಿ ಎಷ್ಟು ತುಣುಕುಗಳಿವೆಯೋ ಅಷ್ಟು ಸಲ ಮೇಜಿನ ಮೇಲೆ ಕುಟ್ಟಲು ಹೇಳಿದರು. ಉಚ್ಚಾರದ ಗುಚ್ಛಗಳನ್ನು, ಅಂದರೆ ಒಂದೇ ಉಸಿರಿಗೆ ಬರುವ ತುಣುಕುಗಳನ್ನು, ನಾಲ್ಕು ವರ್ಷದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಕುಟ್ಟಿ ತೋರಿಸಿದರು. ಬಿಡಿ ಧ್ವನಿಗಳನ್ನು, ಅಂದರೆ ‘ಕ’ದೊಳಗಿನ ಕ್ ಮತ್ತು ಅ ಥರದವನ್ನು, ಎಣಿಸಲು ಆ ವಯಸ್ಸಿನ ಒಂದು ಮಗುವಿಗೂ ಆಗಲಿಲ್ಲ. ಆರು ವರ್ಷದವರಲ್ಲಿ ಶೇ 70ರಷ್ಟು ಮಕ್ಕಳಿಗೆ ಆಯಿತು. ವಯಸ್ಸಿನ ಮಹಿಮೆಯೇ? ಐದು ವರ್ಷಗಳ ನಂತರ ಪೋರ್ಚುಗಲ್‌ನಿಂದ ಉತ್ತರ ಬಂತು. ಜೋಸೆ ಮೊರೈಸ್ ತಂಡ ಅಲ್ಲಿನ ಅನಕ್ಷರಸ್ಥ ವಯಸ್ಕರನ್ನು ಪರೀಕ್ಷಿಸಿತು. ಪದದ ಮೊದಲ ಧ್ವನಿಯನ್ನು ತೆಗೆದು ಉಳಿದದ್ದನ್ನು ಹೇಳುವುದು ಅವರಲ್ಲಿ ಬಹುತೇಕರಿಗೆ ಸಾಧ್ಯವಾಗಲಿಲ್ಲ; ದೊಡ್ಡವರಾದ ಮೇಲೆ ಓದು ಕಲಿತ ಅದೇ ಹಿನ್ನೆಲೆಯವರಿಗೆ ಸಾಧ್ಯವಾಯಿತು. ಜೀವಮಾನವಿಡೀ ನಿರರ್ಗಳವಾಗಿ ಮಾತಾಡಿದರೂ ಮಾತಿನೊಳಗಿನ ಬಿಡಿ ಧ್ವನಿ ಕಿವಿಗೆ ಬೀಳುವುದು ಅಕ್ಷರಗಳ ಜೊತೆ ಹೆಣಗಾಡಿದ ಮೇಲೆ.

ಈ ಧ್ವನಿಪ್ರಜ್ಞೆಗೂ ಮುಂದಿನ ಓದಿಗೂ ನಂಟಿದೆ ಎಂದು 1983ರಲ್ಲಿ ಲಿನೆಟ್ ಬ್ರಾಡ್ಲಿ ಮತ್ತು ಪೀಟರ್ ಬ್ರಯಂಟ್ ತೋರಿಸಿದರು. ಓದು ಬಾರದ ಸುಮಾರು 400 ಮಕ್ಕಳನ್ನು ನಾಲ್ಕೈದನೆಯ ವಯಸ್ಸಿನಿಂದ ಹಿಂಬಾಲಿಸಿದಾಗ, ಪ್ರಾಸ ಹೊಂದದ ಪದವನ್ನು ಆಗಲೇ ಗುರುತಿಸಬಲ್ಲವರು ಮುಂದೆ ಓದಿನಲ್ಲಿ ಮುಂದಿದ್ದರು. ಆ ಗುಂಪಿನ ಕೆಲವರಿಗೆ ಪಾಠವನ್ನೂ ಕೊಟ್ಟು ನೋಡಿದರು. ಧ್ವನಿಯನ್ನು ಪ್ಲಾಸ್ಟಿಕ್ ಅಕ್ಷರಗಳ ಜೊತೆ ಸೇರಿಸಿ ಕಲಿಸಿದವರಿಗೆ ಎಲ್ಲರಿಗಿಂತ ಹೆಚ್ಚು ಲಾಭವಾಯಿತು. ಬರಿಯ ಧ್ವನಿಯಾಟದ ಕೈಪಿಡಿಗಳನ್ನು ಮಾರುವವರು ಈ ಎರಡನೆಯ ಭಾಗವನ್ನು ಅಷ್ಟಾಗಿ ಹೇಳುವುದಿಲ್ಲ.

ಇದೆಲ್ಲ ಇಂಗ್ಲಿಷಿನ ಗೊಂದಲದ ಕಾಗುಣಿತದ ಕಥೆ ತಾನೇ ಎಂಬ ಅನುಮಾನ ಬರುವುದು ಸಹಜ. ಅರ್ಧ ನಿಜ. ಇಂಗ್ಲಿಷ್ ಸೇರಿ ಯುರೋಪಿನ 13 ಬರವಣಿಗೆಗಳನ್ನು ಹೋಲಿಸಿದ ಫಿಲಿಪ್ ಸೀಮೋರ್ ತಂಡದ 2003ರ ಅಧ್ಯಯನದಲ್ಲಿ, ಮೊದಲ ತರಗತಿಯ ಕೊನೆಗೆ ಫಿನ್ನಿಷ್, ಗ್ರೀಕ್, ಜರ್ಮನ್ ಮಕ್ಕಳು ಪರಿಚಿತ ಪದಗಳನ್ನು ಬಹುತೇಕ ತಪ್ಪಿಲ್ಲದೆ ಓದಿದರು. ಇಂಗ್ಲಿಷ್ ಓದುವ ಸ್ಕಾಟ್ಲೆಂಡಿನ ಮಕ್ಕಳು ಮೂರರಲ್ಲಿ ಒಂದನ್ನಷ್ಟೇ ಸರಿಯಾಗಿ ಓದಿದರು. ಅವರ ವಯಸ್ಸೂ ಒಂದಿಷ್ಟು ಕಡಿಮೆಯಿತ್ತು ಅನ್ನಿ. ಕನ್ನಡದಂಥ ಬರವಣಿಗೆಯ ತೊಡಕೇ ಬೇರೆ. ಬರೆದ ಹಾಗೆ ಓದಬಹುದು, ದಿಟ. ಆದರೆ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ಮಗು ಕಲಿಯಬೇಕಾದ ರೂಪಗಳು ನೂರಾರು. ಕನ್ನಡ ಓದುವ ಮಕ್ಕಳ ಮೇಲೆ ಸೊನಾಲಿ ನಾಗ್ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಕ್ಷರಜ್ಞಾನ ಮೂರು-ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ, ಬಿಡಿ ಧ್ವನಿಯ ಅರಿವು ನಿಧಾನವಾಗಿ ಮೂಡುತ್ತದೆ. ಮೊದಲ ವರ್ಷದಲ್ಲೇ ಅಕ್ಷರಮಾಲೆ ಮುಗಿಯಿತು ಎಂದು ಗೆರೆ ಎಳೆಯುವ ಪಠ್ಯಕ್ರಮಕ್ಕೆ ಇದು ಹೊಂದುವುದಿಲ್ಲ.

ಲೆಕ್ಕದ ಇತಿಹಾಸ ಎದುರು ದಿಕ್ಕಿನಿಂದ ಬಂತು. 1941ರಲ್ಲಿ ಜೀನ್ ಪಿಯಾಜೆ ಮತ್ತು ಅಲಿನಾ ಶೆಮಿನ್ಸ್ಕಾ, ಎರಡು ಸಾಲು ವಸ್ತುಗಳನ್ನು ಸಮವಾಗಿ ಜೋಡಿಸಿ ಒಂದು ಸಾಲನ್ನು ಅಗಲಿಸಿದರೆ ಆರೇಳು ವರ್ಷದವರೆಗಿನ ಮಕ್ಕಳು ಉದ್ದದ ಸಾಲಿನಲ್ಲೇ ಹೆಚ್ಚಿವೆ ಎನ್ನುತ್ತಾರೆ ಎಂದು ವಿವರಿಸಿದರು. ಅಲ್ಲಿಗೆ, ಆ ವಯಸ್ಸಿಗೆ ಮೊದಲು ಸಂಖ್ಯೆಯ ಕಲ್ಪನೆಯೇ ಇಲ್ಲ ಎಂದಾಯಿತು. 1974ರಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಅದೇ ಪ್ರಯೋಗದಲ್ಲಿ ತುಂಟ ಕರಡಿ ಬೊಂಬೆಯೊಂದನ್ನು ತಂದು, ಅದೇ ಬಂದು ಸಾಲನ್ನು ಕೆಡಿಸಿದಂತೆ ಆಡಿಸಿದರು. ಈಗ ನಾಲ್ಕರಿಂದ ಆರು ವರ್ಷದ ಬಹುತೇಕ ಮಕ್ಕಳು ಎರಡೂ ಸಮ ಎಂದರು. ದೊಡ್ಡವರು ಬೇಕೆಂದೇ ಸಾಲು ಬದಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ, ಉತ್ತರವೂ ಬದಲಾಗಬೇಕೇನೋ ಎಂದು ಮಗು ಯೋಚಿಸುವುದು ಪೆದ್ದುತನವೇನಲ್ಲ.

ಆಮೇಲೆ ಸಂಶೋಧಕರು ತೊಟ್ಟಿಲವರೆಗೂ ಹೋದರು. ಆರು ತಿಂಗಳ ಕೂಸುಗಳು 8 ಚುಕ್ಕೆಗಳನ್ನೂ 16 ಚುಕ್ಕೆಗಳನ್ನೂ ಬೇರೆಯೆಂದು ಗುರುತಿಸುತ್ತವೆ, 8 ಮತ್ತು 12ರ ನಡುವೆ ಎಡವುತ್ತವೆ ಎಂದು ಫೇ ಶೂ ಮತ್ತು ಎಲಿಜಬೆತ್ ಸ್ಪೆಲ್ಕಿ 2000ದಲ್ಲಿ ವರದಿ ಮಾಡಿದರು. ಅಂದಾಜಿನ ಈ ಶಕ್ತಿಗೂ ಎಣಿಕೆಗೂ ನಡುವೆ ದೊಡ್ಡ ಕಂದಕವಿದೆ. ಎರಡೂವರೆ ವರ್ಷದ ಮಗು ಹತ್ತರವರೆಗೆ ಗಡಗಡನೆ ಹೇಳುತ್ತದೆ. ಮೂರು ಗೊಂಬೆ ಕೊಡು ಎಂದರೆ ಕೈಗೆ ಸಿಕ್ಕಷ್ಟು ಬಾಚಿ ಕೊಡುತ್ತದೆ. ಮೊದಲು ಒಂದರ ಅರ್ಥ, ತಿಂಗಳುಗಳ ನಂತರ ಎರಡರದು, ಆಮೇಲೆ ಮೂರರದು. ಎಣಿಕೆಯ ಕೊನೆಯ ಪದವೇ ಒಟ್ಟು ಎಷ್ಟು ಎಂಬುದನ್ನು ಹೇಳುತ್ತದೆ ಎಂದು ಹೊಳೆಯಲು ಒಂದು ವರ್ಷ ಅಥವಾ ಇನ್ನೂ ಹೆಚ್ಚು ಹಿಡಿಯುತ್ತದೆ.

ಒಮ್ಮೆ ಹೊಳೆದ ಮೇಲೆ ಮಕ್ಕಳು ಹೇಳಿಕೊಡದದ್ದನ್ನೂ ಮಾಡುತ್ತಾರೆ. 2 ಮತ್ತು 5 ಕೂಡಿಸಲು ಎರಡನ್ನೂ ಮೊದಲಿನಿಂದ ಎಣಿಸುವುದನ್ನಷ್ಟೇ ಗೈ ಗ್ರೋನ್ ಮತ್ತು ಲಾರೆನ್ ರೆಸ್ನಿಕ್ ಪುಟ್ಟ ಮಕ್ಕಳಿಗೆ ಕಲಿಸಿದ್ದರು. ಕೆಲವು ವಾರಗಳಲ್ಲಿ ಅರ್ಧದಷ್ಟು ಮಕ್ಕಳು ತಾವಾಗಿಯೇ ದೊಡ್ಡ ಸಂಖ್ಯೆಯನ್ನು ಹಿಡಿದು 5, 6, 7 ಎಂದು ಮುಂದೆ ಎಣಿಸತೊಡಗಿದ್ದರು. ಬೆರಳೆಣಿಕೆಯನ್ನು ಗದರಿಸಿ ಬಿಡಿಸುವ ಮೇಷ್ಟ್ರುಗಳು ತಡೆಯುವುದು ಇಂಥ ಜಾಣತನವನ್ನೇ. ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ 2008ರಲ್ಲಿ, 1ರಿಂದ 10ರವರೆಗೆ ಮನೆಗಳಿರುವ ನೇರ ಸಾಲಿನ ಹಲಗೆಯಾಟವನ್ನು ಬಡ ಕುಟುಂಬದ ಮಕ್ಕಳಿಗೆ ಕಾಲು ಗಂಟೆಯಂತೆ ನಾಲ್ಕು ಸಲ ಆಡಿಸಿದರು. ಸಂಖ್ಯೆಗಳನ್ನು ಗುರುತಿಸುವುದೂ ಹೋಲಿಸುವುದೂ ಸುಧಾರಿಸಿತು, ಒಂಬತ್ತು ವಾರಗಳ ನಂತರವೂ ಉಳಿದಿತ್ತು. ಅದೇ ಆಟವನ್ನು ದುಂಡನೆಯ ಹಲಗೆಯ ಮೇಲೆ ಆಡಿಸಿದಾಗ ಅಷ್ಟು ಲಾಭವಾಗಲಿಲ್ಲ. ಸಂಖ್ಯೆಗಳು ಒಂದೇ ರೇಖೆಯ ಮೇಲೆ ಸಮಾನ ಅಂತರದಲ್ಲಿ ಸಾಗುತ್ತವೆ ಎಂಬುದು ಕಣ್ಣಿಗೆ, ಕೈಗೆ ಸಿಗಬೇಕು.

2007ರಲ್ಲಿ ಗ್ರೆಗ್ ಡಂಕನ್ ಮತ್ತು ಸಂಗಡಿಗರು ಆರು ದೀರ್ಘಾವಧಿ ಅಧ್ಯಯನಗಳ ಮಾಹಿತಿಯನ್ನು ಒಟ್ಟುಗೂಡಿಸಿದಾಗ, ಶಾಲೆ ಸೇರುವಾಗಿನ ಲೆಕ್ಕದ ತಿಳಿವು ಮುಂದಿನ ಸಾಧನೆಯ ಅತಿ ಬಲವಾದ ಮುನ್ಸೂಚನೆ ಎಂದು ಕಂಡಿತು. ಆಗಿನ ಓದಿಗಿಂತಲೂ ಬಲವಾದದ್ದು. ಇದನ್ನು ಓದಿ ಹಲವರು ಲೆಕ್ಕವನ್ನು ಬೇಗ ಕಲಿಸಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡರು. ಮುನ್ಸೂಚನೆಯೇ ಬೇರೆ, ಕಾರಣವೇ ಬೇರೆ. ಶಾಲಾಪೂರ್ವ ಗಣಿತ ಕಾರ್ಯಕ್ರಮಗಳ ಲಾಭ ಮೊದಲಿಗೆ ಚೆನ್ನಾಗಿ ಕಂಡರೂ ಮುಂದಿನ ತರಗತಿಗಳಲ್ಲಿ ಕರಗುತ್ತಾ ಬರುತ್ತದೆ. ಯಾಕೆ ಎಂಬ ಚರ್ಚೆ ಇನ್ನೂ ನಡೆದಿದೆ. ಅದಕ್ಕೊಂದು ಸುಳಿವು ಮಿಮಿ ಎಂಗೆಲ್ ತಂಡದ 2013ರ ಅಧ್ಯಯನದಲ್ಲಿದೆ. ಶಾಲೆ ಸೇರಿದ ಅಮೆರಿಕದ ಮಕ್ಕಳಲ್ಲಿ ಬಹುತೇಕರಿಗೆ ಸರಳ ಎಣಿಕೆ, ಆಕಾರಗಳ ಹೆಸರು ಆಗಲೇ ಬರುತ್ತಿತ್ತು. ಶಿಕ್ಷಕರು ಗಣಿತಕ್ಕಿಟ್ಟ ಹೊತ್ತಿನಲ್ಲಿ ಹೆಚ್ಚಿನ ಪಾಲನ್ನು ಅವನ್ನೇ ಮತ್ತೆ ಕಲಿಸಲು ಬಳಸುತ್ತಿದ್ದರು.