ಬಿದ್ದದ್ದು ನಿನ್ನೆ, ಪೆಟ್ಟು ಇವತ್ತೂ

ಚಿತ್ತಾಪುರ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಕಾಕಾನ ಮಗನನ್ನು ಕಲಬುರಗಿಯ ದವಾಖಾನೆಗೆ ಸೇರಿಸಿದ್ದೆವು. ಮರುದಿನ ಸ್ಕ್ಯಾನ್ ನೋಡಿದ ಡಾಕ್ಟರು, ಇನ್ನೂ ಮೂರು ದಿನ ಏನೂ ಹೇಳಲಾಗದು ಎಂದರು. ಕಾಕಾ ಕೆರಳಿದರು: "ಬಿದ್ದದ್ದು ನಿನ್ನೆರಿ. ಇನ್ನ ಮೂರು ದಿನ ಹೊಸಾದೇನ್ ಆಗ್ತದ?"

ಸರಿಯಾದ ಪ್ರಶ್ನೆಯೇ. ಪೆಟ್ಟು ಕ್ಷಣದಲ್ಲಿ ಮುಗಿಯುತ್ತದೆ, ಹಾನಿ ಮುಗಿಯುವುದಿಲ್ಲ. ಜಖಂ ಆದ ನರಕೋಶಗಳಿಂದ ಗ್ಲುಟಮೇಟ್ ಹೊರಚೆಲ್ಲುತ್ತದೆ. ಮಾಮೂಲಿ ದಿನಗಳಲ್ಲಿ ಒಂದು ನರಕೋಶದ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸುವ ರಾಸಾಯನಿಕ ಅದು, ಅತಿಯಾದರೆ ವಿಷ. ಪೆಟ್ಟೇ ತಾಗದ ನೆರೆಯ ನರಕೋಶಗಳೊಳಗೂ ಕ್ಯಾಲ್ಸಿಯಂ ನುಗ್ಗಿ ಅವೂ ಸಾಯತೊಡಗುತ್ತವೆ. ಗಂಟೆಗಟ್ಟಲೆ, ದಿನಗಟ್ಟಲೆ.

ಇದಕ್ಕೆ ಅಡ್ಡ ನಿಲ್ಲುವವು ನರಕೋಶಗಳಿಗೆ ನೆರವಾಗುವ ಗ್ಲಿಯಾ ಕೋಶಗಳು. 1856ರಲ್ಲಿ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ ಇಟ್ಟ ಹೆಸರು ನ್ಯೂರೋಗ್ಲಿಯಾ, ಅಂದರೆ ನರಗಳ ಅಂಟು. ಶಹಾಬಾದ್ ಫರ್ಸಿಗಳ ಸಂದಿಗೆ ಮೆತ್ತುವ ಸಿಮೆಂಟಿನಷ್ಟೇ ಬೆಲೆ ಬಹುಕಾಲ ಅವಕ್ಕಿತ್ತು. ಹೆಸರೇ ಮಾಡಿದ ಅನ್ಯಾಯ ಎನ್ನಬೇಕು. ಮಿದುಳಿನಲ್ಲಿ ನರಕೋಶಗಳು ಸುಮಾರು 8,600 ಕೋಟಿ. ಗ್ಲಿಯಾಗಳೂ ಹೆಚ್ಚುಕಡಿಮೆ ಅಷ್ಟೇ.

ಅವುಗಳಲ್ಲಿ ನಕ್ಷತ್ರದಾಕಾರದ ಆಸ್ಟ್ರೋಸೈಟ್, ಚೆಲ್ಲಿದ ಗ್ಲುಟಮೇಟನ್ನು ಹೀರಿ ನಿರುಪದ್ರವಿ ಗ್ಲುಟಮಿನ್ ಮಾಡಿ ನರಕೋಶಕ್ಕೇ ಮರಳಿಸುತ್ತದೆ. ಕಾವಲು ಮೈಕ್ರೋಗ್ಲಿಯಾದ್ದು. 2005ರಲ್ಲಿ ವಿಜ್ಞಾನಿಗಳು ಜೀವಂತ ಇಲಿಯ ಮಿದುಳಿಗೆ ಲೇಸರ್‌ನಿಂದ ಚುಕ್ಕೆಯಷ್ಟು ಗಾಯ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸುತ್ತಲಿನ ಮೈಕ್ರೋಗ್ಲಿಯಾಗಳು ಕೂತ ಜಾಗ ಬಿಟ್ಟು ಕದಲಲಿಲ್ಲ, ತೋಳುಗಳನ್ನಷ್ಟೇ ಚಾಚಿದವು. ಕೆಲವೇ ನಿಮಿಷಗಳಲ್ಲಿ ಗಾಯಕ್ಕೆ ಮುತ್ತಿಗೆ ಬಿದ್ದಿತ್ತು.

ಆದರೆ ಕಾಯುವವರೇ ಕಾಡುವುದೂ ಉಂಟು. ಆಸ್ಟ್ರೋಸೈಟ್‌ಗಳು ನೀರು ಕುಡಿದು ಉಬ್ಬುತ್ತವೆ, ಮೈಕ್ರೋಗ್ಲಿಯಾದ ಸಿಟ್ಟು ಬೇಗ ಇಳಿಯದಿದ್ದರೆ ಉರಿಯೂತ ಒಳ್ಳೆಯ ಕೋಶಗಳನ್ನೂ ಸುಡುತ್ತದೆ. ತಲೆಬುರುಡೆಯೋ ಹಿಗ್ಗುವ ಡಬ್ಬಿಯಲ್ಲ. ಡಾಕ್ಟರು ಕಾದು ನೋಡುತ್ತಿದ್ದುದು ಈ ಊತವನ್ನೇ. ನಮ್ಮ ಹುಡುಗನಿಗೆ ಅದು ನಾಲ್ಕನೇ ದಿನ ಇಳಿಯಿತು. ಕಣ್ಣುಬಿಟ್ಟವನೇ ಬೈಕ್ ಎಲ್ಲಿ ಎಂದ. ಕಾಕಾ ಬೈದರು, ಆಮೇಲೆ ಹೊರಗೆ ಹೋಗಿ ಅತ್ತರು.

ಅವನ ಮಿದುಳಿನಲ್ಲಿ ಕೆಲಸ ಅಲ್ಲಿಗೇ ನಿಂತಿರಲಾರದು. ಗಾಯದ ಅಂಚಿಗೆ ಆಸ್ಟ್ರೋಸೈಟ್‌ಗಳು ಒತ್ತೊತ್ತಾಗಿ ಹೆಣೆದುಕೊಂಡು, ತೊಗರಿ ಹೊಲಕ್ಕೆ ಜಾಲಿಮುಳ್ಳು ಹಚ್ಚಿದಂತೆ ಬೇಲಿ ಹಾಕುತ್ತವೆ. ಒಳಗಿನ ಉರಿಯೂತ ಆಚೆ ಹಬ್ಬುವುದಿಲ್ಲ. ಈ ಬೇಲಿಯೇ ಕಡಿದುಹೋದ ನರತಂತುಗಳನ್ನು ಬೆಳೆಯಗೊಡುವುದಿಲ್ಲ ಎಂದು ದಶಕಗಳ ಕಾಲ ದೂರಿದ್ದರು. 2016ರಲ್ಲಿ ಬೆನ್ನುಹುರಿಗೆ ಗಾಯವಾದ ಇಲಿಗಳಲ್ಲಿ ಬೇಲಿ ಬೀಳದಂತೆ ತಡೆದು ನೋಡಿದರು. ತಂತುಗಳು ಆಗಲೂ ಬೆಳೆಯಲಿಲ್ಲ. ಪೋಷಕ ಪ್ರೋಟೀನುಗಳನ್ನು ಕೊಟ್ಟಾಗ ಬೆಳೆದವು, ಅದೂ ಬೇಲಿ ಇದ್ದ ಕಡೆ, ಬೇಲಿಯೊಳಗಿಂದಲೇ ಹಾದು.