ಮಣ್ಣಲ್ಲಿ ಸಿಕ್ಕ ಲೋಹ ಯಾವುದು? ನೀರಲ್ಲಿ ತೂಗುವ ಲೆಕ್ಕ

ಅಗೆಯುವಾಗ ಸಿಕ್ಕ ವಸ್ತು ಏನೆಂದು ತಿಳಿಯುವ ಮೊದಲು ಅದು ಯಾವ ಲೋಹ ಎಂದು ತಿಳಿಯಬೇಕು. ಕೆಂಗಂದು ತುಕ್ಕು ಹಿಡಿದಿದ್ದು ಅಯಸ್ಕಾಂತ ಅಂಟಿದರೆ ಕಬ್ಬಿಣ. ಹಸಿರು ಕಿಲುಬು ಇದ್ದರೆ ತಾಮ್ರ, ಹಿತ್ತಾಳೆ ಅಥವಾ ಕಂಚು. ಗಾತ್ರಕ್ಕೆ ಮೀರಿದ ಭಾರ, ಬೂದುಬಿಳಿ ಪದರ ಇದ್ದರೆ ಸೀಸ ಇರಬಹುದು. ಉಜ್ಜಿ ಹೊಳಪು ತರಲೇಬೇಡಿ, ಸವೆದ ಅಕ್ಷರಗಳ ಗುರುತು ಎಷ್ಟೋ ಸಲ ಆ ಕಿಲುಬಿನಲ್ಲೇ ಉಳಿದಿರುತ್ತದೆ. ಶೆಲ್ಲು, ಬಾಂಬಿನ ಆಕಾರ ಕಂಡರಂತೂ ಮುಟ್ಟದೆ ಪೊಲೀಸರಿಗೆ ತಿಳಿಸಿ.

ನಾನು ಎಡವಿದ್ದು ಸಾಂದ್ರತೆಯಲ್ಲಿ, ಅಂದರೆ ತೂಕವನ್ನು ಗಾತ್ರದಿಂದ ಭಾಗಿಸಿದಾಗ ಬರುವ ಅಂಕೆಯಲ್ಲಿ. ಲೋಟದಲ್ಲಿ ನೀರು ತುಂಬಿ ಡಿಜಿಟಲ್ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ವಸ್ತುವನ್ನು ದಾರದಲ್ಲಿ ಕಟ್ಟಿ ನೀರಿಗೆ ಇಳಿಬಿಡಬೇಕು. ಆಗ ಬರುವ ಗ್ರಾಂ ಎಷ್ಟೋ, ವಸ್ತುವಿನ ಗಾತ್ರ ಅಷ್ಟು ಘನ ಸೆಂಟಿಮೀಟರ್. ನನ್ನ ಬಳೆಯಂಥ ದಪ್ಪ ಉಂಗುರದ ತೂಕ 96 ಗ್ರಾಂ. ನೀರಿಗೆ ಬಿಟ್ಟಾಗಲೂ ತಕ್ಕಡಿ 96 ತೋರಿಸಿತು! ಭಾಗಿಸಿದರೆ 1, ಅಂದರೆ ನೀರಿನದೇ ಸಾಂದ್ರತೆ. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಕಂಡಿದ್ದು: ಉಂಗುರ ಲೋಟದ ತಳದಲ್ಲಿ ಕೂತಿತ್ತು. ಕೂತರೆ ಅದರ ಪೂರ್ತಿ ಭಾರ ತಕ್ಕಡಿಗೇ ಬೀಳುತ್ತದೆ. ನೀರಲ್ಲಿ ನೇತಾಡುತ್ತಿದ್ದರೆ ಭಾರವನ್ನು ದಾರ ಹೊರುತ್ತದೆ. ನೀರು ವಸ್ತುವನ್ನು ಎಷ್ಟು ಮೇಲಕ್ಕೆ ತಳ್ಳುತ್ತದೋ ವಸ್ತು ನೀರನ್ನು ಅಷ್ಟೇ ಕೆಳಕ್ಕೆ ಒತ್ತುತ್ತದೆ, ತಕ್ಕಡಿಗೆ ಕಾಣುವುದು ಆ ಒತ್ತಡ ಮಾತ್ರ. ಅದು ಪಕ್ಕಕ್ಕೆ ಸರಿದ ನೀರಿನ ತೂಕಕ್ಕೆ ಸಮ. ಇಷ್ಟು ಅರ್ಥವಾದರೆ ಸೂತ್ರ ಬಾಯಿಪಾಠ ಮಾಡುವುದೇ ಬೇಡ. ವಸ್ತು ಪೂರ್ತಿ ಮುಳುಗಿರಬೇಕು, ತಳಕ್ಕೂ ಅಂಚಿಗೂ ತಾಗಬಾರದು, ಅಂಟಿದ ಗುಳ್ಳೆಗಳನ್ನು ಬಿಡಿಸಬೇಕು.

ಮತ್ತೆ ತೂಗಿದಾಗ 11 ಬಂತು. 96 ಭಾಗಿಸು 11, ಸುಮಾರು 8.7. ಕಬ್ಬಿಣ 7.87, ತಾಮ್ರ 8.96, ಬೆಳ್ಳಿ 10.49, ಸೀಸ 11.34. ತಾಮ್ರಕ್ಕಿಂತ ತುಸು ಕಡಿಮೆ ಬಂತಲ್ಲ ಅಂತ ಕಂಚು ಎಂದು ಬರೆದು ಅಡಿಗೆರೆ ಎಳೆದೂಬಿಟ್ಟೆ. ಅದೂ ಆತುರವೇ. ನನ್ನ ತಕ್ಕಡಿ ಒಂದೊಂದೇ ಗ್ರಾಂ ತೋರಿಸುವಂಥದ್ದು, 11 ಅಂದರೆ 10.5ರಿಂದ 11.5ರವರೆಗೆ ಏನೂ ಇರಬಹುದು. ಆಗ ಸಾಂದ್ರತೆ 9.1ರಿಂದ 8.3ರವರೆಗೆ ಹರಡುತ್ತದೆ, ತಾಮ್ರ, ಕಂಚು, ಹಿತ್ತಾಳೆ ಮೂರೂ ಅದರೊಳಗೇ ಬರುತ್ತವೆ. ಮೇಲಾಗಿ ದಪ್ಪ ಕಿಲುಬು ಸಾಂದ್ರತೆಯನ್ನು ಕಡಿಮೆ ತೋರಿಸುತ್ತದೆ. ಈಗ ಟಿಪ್ಪಣಿಯಲ್ಲಿ "ತಾಮ್ರದ ಬಳಗ" ಎಂದಷ್ಟೇ ಬರೆದಿದ್ದೇನೆ.

ವಸ್ತು ಯಾವ ಕಾಲದ್ದೆಂದು ತಿಳಿಯಲು ಒಂದೇ ಸುಳಿವು ನೆನಪಿಟ್ಟಿದ್ದೇನೆ: ಹಗುರವಾದ ಅಲ್ಯೂಮಿನಿಯಂ ಅಗ್ಗವಾಗಿದ್ದು 1886ರ ವಿದ್ಯುತ್ ವಿಧಾನದ ನಂತರ.

ಇನ್ನು ಬಳಕೆ. ಉಂಗುರದ ಒಳಅಂಚು ಒಂದೇ ಕಡೆ, ಬೆರಳಗಲದಷ್ಟು, ನುಣ್ಣಗೆ ಸವೆದಿದೆ. ಅಲ್ಲಿ ಹಗ್ಗವೋ ಪಟ್ಟಿಯೋ ಬಹಳ ಕಾಲ ಎಳೆದಿರಬೇಕು.