ಲಸಿಕೆ ಹತ್ತಿತೋ ಇಲ್ಲವೋ, ಮೂತ್ರ ಹೇಳೀತೇ?

ಕೊಪ್ಪ, ನರಸಿಂಹರಾಜಪುರದ ಕಡೆ ಮಂಗನ ಕಾಯಿಲೆಯ ಲಸಿಕೆ ಹಾಕಿಸಿಕೊಂಡವರಿಗೆ ತೋಳಿನ ನೋವು ಇನ್ನೂ ನೆನಪಿದೆ. ತಿಂಗಳ ಅಂತರದಲ್ಲಿ ಎರಡು ಡೋಸು, ಆಮೇಲೆ ಬೂಸ್ಟರು, ಮತ್ತೆ ವರ್ಷಕ್ಕೊಂದು. ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಕಾಯಿಲೆಯಿದು. 2013ರಲ್ಲಿ ಪ್ರಕಟವಾದ ಲೆಕ್ಕದಂತೆ ಎರಡು ಡೋಸಿನಿಂದ ಸಿಕ್ಕ ರಕ್ಷಣೆ ಶೇ. 62, ಬೂಸ್ಟರ್ ಸೇರಿದರೆ ಶೇ. 83. ಆ ಲಸಿಕೆ ಈಗ ನಿಂತಿದೆ. ಆದರೆ ಶೇಕಡಾವಾರು ಊರಿಗೆ ಸಂಬಂಧಿಸಿದ್ದು, ‘ನನಗೆ ಹತ್ತಿತಾ?’ ಎಂದು ಕೇಳಿದರೆ ಉತ್ತರಕ್ಕೆ ರಕ್ತವನ್ನೇ ತೆಗೆಯಬೇಕು. ಮೂತ್ರ ಸಾಲದೇ?

ಮೂತ್ರ ನೋಡಿ ಕಾಯಿಲೆ ಹೇಳುವುದೇನೂ ಹೊಸತಲ್ಲ. ಇರುವೆ ಮುತ್ತಿದರೆ ಸಿಹಿಮೂತ್ರ ಎನ್ನುವುದು ಹಳೆಯ ಮಾತು. ಗಾಳಿ ತಾಗಿ ಕಪ್ಪಾಗುವ ಮೂತ್ರದ ಹಿಂದೆ ಹುಟ್ಟಿನಿಂದ ಬಂದ ರಾಸಾಯನಿಕ ದೋಷವಿದೆಯೆಂದು ಇಂಗ್ಲೆಂಡಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ 1902ರಲ್ಲೇ ಬರೆದರು. 1971ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ ಅವರ ತಂಡ ಮೂತ್ರದ ಆವಿಯೊಂದರಲ್ಲೇ ಸುಮಾರು 280 ವಸ್ತುಗಳನ್ನು ಬಿಡಿಸಿ ತೋರಿಸಿತು.

ಲಸಿಕೆಯ ಮಟ್ಟಿಗೆ ಮುಖ್ಯವಾದದ್ದು ನಿಯೋಪ್ಟೆರಿನ್ ಎಂಬ ರಾಸಾಯನಿಕ. ಇದು ಮೊದಲು ಸಿಕ್ಕಿದ್ದು, ನಂಬಿದರೆ ನಂಬಿ, 1963ರಲ್ಲಿ, ಜೇನುಹುಳುಗಳಲ್ಲಿ. ನಾಲ್ಕೇ ವರ್ಷದಲ್ಲಿ ಮನುಷ್ಯರ ಮೂತ್ರದಲ್ಲೂ ಕಂಡಿತು. ವೈರಸ್ ಸೋಂಕಿದ್ದವರಲ್ಲಿ ಇದು ಏರುತ್ತದೆಂದು ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ವಿಜ್ಞಾನಿಗಳು 1979ರಲ್ಲಿ ಹೇಳಿದರು. ರೋಗ ಎದುರಿಸುವ ಟಿ ಜೀವಕೋಶಗಳು ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶ ಬಿಡುತ್ತವೆ; ಅದು ತಲುಪಿದ ಮ್ಯಾಕ್ರೊಫೇಜ್‌ಗಳು, ಅಂದರೆ ರೋಗಾಣು ನುಂಗುವ ಜೀವಕೋಶಗಳು, ನಿಯೋಪ್ಟೆರಿನ್ ಉಗುಳುತ್ತವೆ; ಅದು ಮೂತ್ರಪಿಂಡ ದಾಟಿ ಹೊರಬೀಳುತ್ತದೆ. ಜೀವಂತ ವೈರಸ್ಸಿನಿಂದ ಮಾಡಿದ ಹಳದಿ ಜ್ವರದ ಲಸಿಕೆಯ ನಂತರ ಅದರ ಮಟ್ಟ ಏರಿದ್ದು ದಾಖಲಾಗಿದೆ.

ನನಗೆ ಇಲ್ಲೇ ಅನುಮಾನ. ಹೊಗೆ ಕಂಡರೆ ಎಲ್ಲೋ ಬೆಂಕಿಯಿದೆ ಎನ್ನಬಹುದು, ಹಚ್ಚಿದವರು ಯಾರೆಂದಲ್ಲ. ಸಾಮಾನ್ಯ ವೈರಲ್ ಜ್ವರಕ್ಕೂ ನಿಯೋಪ್ಟೆರಿನ್ ಏರುತ್ತದೆ. ಮಂಗನ ಕಾಯಿಲೆಯದೋ, ಸತ್ತ ವೈರಸ್ಸಿನ ಲಸಿಕೆ; ಹೊಗೆಯೂ ತೆಳುವೇ ಇದ್ದೀತು. ಗುರಿಯಿಟ್ಟ ಪ್ರತಿಕಾಯ ಎಷ್ಟಿದೆ ಎನ್ನಲು ರಕ್ತವೇ ಬೇಕು. ಮೂತ್ರದ ಲಾಭ ಬೇರೆ: ಸೂಜಿಯಿಲ್ಲದೆ, ಮಕ್ಕಳಿಂದಲೂ, ದಿನಾ ಪಡೆಯಬಹುದು. ಮೈ ಯಾವ ದಿನ ಕೆರಳಿತು, ಯಾವಾಗ ತಣ್ಣಗಾಯಿತು ಎಂಬ ಏರಿಳಿತ ಸಿಗುತ್ತದೆ.

ಮಲೆನಾಡಿನಲ್ಲಿ ಇನ್ನೊಂದು ತೊಡಕು, ಕಾಫಿ. ಕುಡಿದವರ ಮೂತ್ರದಲ್ಲಿ ಕೆಫೀನಿನ ತುಣುಕು, ಟ್ರೈಗೊನೆಲಿನ್, ಹಿಪ್ಪುರಿಕ್ ಆಮ್ಲ ಎಲ್ಲ ಎದ್ದು ಕಾಣುತ್ತವೆ. ನೂರಾರು ವಸ್ತುಗಳನ್ನು ಒಟ್ಟಿಗೆ ಅಳೆಯುವಾಗ ಲಸಿಕೆಯದ್ದು ಯಾವುದು, ಲೋಟದ್ದು ಯಾವುದು? ಅದಕ್ಕೇ ಚುಚ್ಚುವ ಮೊದಲೇ ಅದೇ ವ್ಯಕ್ತಿಯ ಮೂತ್ರ ತೆಗೆದಿಡಬೇಕು, ನೀರು ಹೆಚ್ಚು ಕುಡಿದವರ ಲೆಕ್ಕ ತಪ್ಪದಂತೆ ಮೈಯಿಂದ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೊರಬೀಳುವ ಕ್ರಿಯಾಟಿನಿನ್‌ಗೆ ಹೋಲಿಸಬೇಕು. ನಿಯೋಪ್ಟೆರಿನ್‌ಗೆ ಬೆಳಕೂ ಆಗದು. ಹಾಗಾಗಿ ಬೆಳಗಿನ ಕಾಫಿಗೆ ಮುಂಚೆಯೇ ಹಿಡಿದ ಮೂತ್ರ, ಕಪ್ಪು ಕಾಗದ ಸುತ್ತಿದ ಬಾಟಲಿಯಲ್ಲಿ, ಐಸ್ ಡಬ್ಬದೊಳಗೆ ಕೂತು ಘಟ್ಟದ ತಿರುವುಗಳನ್ನು ಇಳಿಯಬೇಕು.